ಯುಎಸ್‌ಡಿಟಿ ಮಾರುವವರೇ, ಕಾಯಿನ್ ಭದ್ರವಾಗಿರುತ್ತದೆ, ಬ್ಯಾಂಕ್ ಖಾತೆ ಲಾಕ್ ಆಗುತ್ತದೆ

ಹಾಸನದಲ್ಲಿ ನನಗೆ ಗೊತ್ತಿರುವವರಲ್ಲೇ ಸುಮಾರು ಜನ ಯುಎಸ್‌ಡಿಟಿ ಕೊಂಡು ಮಾರುತ್ತಿದ್ದಾರೆ. ಇಂಜಿನಿಯರಿಂಗ್ ಓದುವ ಹುಡುಗರು, ಮೊಬೈಲ್ ಅಂಗಡಿಯವರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರು. ಒಬ್ಬರಿಂದ ಕಡಿಮೆಗೆ ತಗೊಳ್ಳುವುದು, ಇನ್ನೊಬ್ಬರಿಗೆ ಒಂದೆರಡು ರೂಪಾಯಿ ಜಾಸ್ತಿಗೆ ಕೊಡುವುದು. ನಾನೂ ಒಂದಷ್ಟು ಕಾಲ ಮಾಡಿದೆ. ಲಾಭ ಬಂದಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ನನ್ನ ಬ್ಯಾಂಕ್ ಖಾತೆ ಫ್ರೀಜ್ ಆಯಿತು. ನಾನು ಯಾರಿಗೂ ಟೋಪಿ ಹಾಕಿರಲಿಲ್ಲ. ನನ್ನ ಕಾಯಿನ್ ಯಾರೂ ಕದ್ದಿರಲಿಲ್ಲ. ಆದರೂ ಆಯಿತು. ಹೇಗೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಯುಎಸ್‌ಡಿಟಿ ಅಂದರೆ ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ, ಬಿಟ್‌ಕಾಯಿನ್ ಥರ ಕುಣಿಯುವುದಿಲ್ಲ. ನಾವು ಮಾಡುವುದು ಪಿ2ಪಿ, ಅಂದರೆ ಎಕ್ಸ್‌ಚೇಂಜ್‌ನಲ್ಲಿ (ಕ್ರಿಪ್ಟೋ ಕೊಂಡು ಮಾರುವ ಆ್ಯಪ್) ಒಬ್ಬರು ಇನ್ನೊಬ್ಬರಿಗೆ ನೇರ ಮಾರುವುದು. ಇದರಲ್ಲಿ ರೂಪಾಯಿಯನ್ನು ಎಕ್ಸ್‌ಚೇಂಜ್ ಮುಟ್ಟುವುದೇ ಇಲ್ಲ. ನೀವು ಮಾರುತ್ತೀರಿ ಅಂದುಕೊಳ್ಳಿ. ಆರ್ಡರ್ ಬಂದ ತಕ್ಷಣ ನಿಮ್ಮ ಕಾಯಿನ್ ಎಸ್ಕ್ರೋದಲ್ಲಿ, ಅಂದರೆ ವ್ಯಾಪಾರ ಮುಗಿಯುವವರೆಗೆ ಆ್ಯಪ್‌ನವರ ವಶದಲ್ಲಿ, ಲಾಕ್ ಆಗುತ್ತದೆ. ಕೊಳ್ಳುವವನು ಯುಪಿಐ ಅಥವಾ ಐಎಂಪಿಎಸ್ ಮೂಲಕ ನೇರ ನಿಮ್ಮ ಖಾತೆಗೆ ದುಡ್ಡು ಹಾಕುತ್ತಾನೆ. ನೀವು ಖಾತೆ ನೋಡಿ ರಿಲೀಸ್ ಒತ್ತುತ್ತೀರಿ. ಅಲ್ಲಿಗೆ ವ್ಯಾಪಾರ ಮುಗಿಯಿತು. ಎಸ್ಕ್ರೋ ಇದೆ, ಮೋಸ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಅದು ಕಾಯುವುದು ಕಾಯಿನ್ನನ್ನು ಮಾತ್ರ. ನಿಮ್ಮ ಖಾತೆಗೆ ಬಿದ್ದ ರೂಪಾಯಿ ಎಲ್ಲಿಂದ ಬಂತು ಅಂತ ಅದು ಕೇಳುವುದಿಲ್ಲ.

ಕಾನೂನಿನ ಮಾತೂ ಬರುತ್ತದೆ. ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ಕೊಡಬೇಡಿ ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತ್ತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2022ರಲ್ಲಿ ಸರ್ಕಾರ ತೆರಿಗೆ ಹಾಕಿತು. 'ಟ್ಯಾಕ್ಸ್ ತಗೋತಾರೆ ಅಂದ್ಮೇಲೆ ಲೀಗಲ್ ಅಲ್ವಾ' ಅನ್ನುವ ವಾದ ಇಲ್ಲಿಂದಲೇ ಹುಟ್ಟಿದ್ದು. ಕೊಂಡು ಮಾರುವುದು ಅಪರಾಧವಲ್ಲ, ಒಪ್ಪುತ್ತೇನೆ. ಆದರೆ ನಿಮಗೆ ಬಂದ ದುಡ್ಡು ಯಾರದ್ದು ಅನ್ನುವುದು ಬೇರೆಯದೇ ಪ್ರಶ್ನೆ.

ಈಗ ಲಾಭದ ಲೆಕ್ಕ ನೋಡೋಣ. ಟೆಲಿಗ್ರಾಂ ಗುಂಪುಗಳಲ್ಲಿ ಯಾರೂ ಇದನ್ನು ಪೂರ್ತಿ ಹೇಳುವುದಿಲ್ಲ. ಉದಾಹರಣೆಗೆ 90 ರೂಪಾಯಿಗೆ ಒಂದರಂತೆ 1 ಲಕ್ಷಕ್ಕೆ ತಗೊಂಡಿರಿ, 91ಕ್ಕೆ ಮಾರಿದಿರಿ. ಕೈಗೆ ಸುಮಾರು 1,01,111 ರೂಪಾಯಿ ಬರುತ್ತದೆ. ಲಾಭ 1,111. ಖುಷಿ. ಆದರೆ ನಿಯಮದ ಪ್ರಕಾರ ಮಾರಿದ ಪೂರ್ತಿ ಮೊತ್ತದ ಮೇಲೆ ಶೇ 1 ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕಡಿತ ಆಗಬೇಕು, ಲಾಭದ ಮೇಲೆ ಮಾತ್ರ ಅಲ್ಲ. ಅಂದರೆ 1,011 ರೂಪಾಯಿ. ಆ ಹೊತ್ತಿಗೆ ನಿಮ್ಮ ಕೈಯಲ್ಲಿ ಉಳಿಯುವುದು ನೂರು ರೂಪಾಯಿ! ಲಾಭದ ಮೇಲಿನ ತೆರಿಗೆ ಶೇ 30, ಸೆಸ್ ಸೇರಿ 31.2. ಅದು 347 ಆಗುತ್ತದೆ. ಜಾಸ್ತಿ ಕಡಿತವಾದದ್ದು ರಿಟರ್ನ್ ಹಾಕಿದ ಮೇಲೆ ವಾಪಸ್ ಬರಬಹುದು, ಅಲ್ಲಿಯವರೆಗೆ ಬಂಡವಾಳ ಕರಗುತ್ತಲೇ ಇರುತ್ತದೆ. ಅದೇ ಒಂದು ಲಕ್ಷವನ್ನು ಹತ್ತು ಸಲ ತಿರುಗಿಸಿದರೆ ಹತ್ತು ಸಾವಿರಕ್ಕೂ ಜಾಸ್ತಿ ಟಿಡಿಎಸ್‌ನಲ್ಲಿ ಕೂತಿರುತ್ತದೆ. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವುದಕ್ಕೂ ಬಿಡುವುದಿಲ್ಲ. ಹಾಗಾದರೆ ದಿನಾ ಸಾವಿರಾರು ರೂಪಾಯಿ ಮಾಡುತ್ತೇವೆ ಅನ್ನುವವರು? ಅವರಲ್ಲಿ ಎಷ್ಟೋ ಜನ ಟಿಡಿಎಸ್ಸೂ ಕಡಿಯುವುದಿಲ್ಲ, ರಿಟರ್ನ್‌ನಲ್ಲೂ ತೋರಿಸುವುದಿಲ್ಲ. ಅವರು ಲಾಭ ಅನ್ನುತ್ತಿರುವುದು ಕಟ್ಟದೇ ಇರುವ ತೆರಿಗೆಯನ್ನು.

ಇಷ್ಟಾದರೂ ನಾನು ಮುಂದುವರಿಸಿದ್ದು ಕೆಲವು ಆರ್ಡರ್‌ಗಳಲ್ಲಿ ರೇಟು ಚೆನ್ನಾಗಿ ಸಿಗುತ್ತಿತ್ತು ಅಂತ. ನನ್ನ ಕಡೆಯಿಂದ ಎಲ್ಲ ನಿಯಮ ಪಾಲಿಸುತ್ತಿದ್ದೆ. ಆ್ಯಪ್‌ನಲ್ಲಿರುವ ಹೆಸರು, ದುಡ್ಡು ಬಂದ ಖಾತೆಯ ಹೆಸರು ಒಂದೇ ಇದ್ದರೆ ಮಾತ್ರ ರಿಲೀಸ್. ಸ್ಕ್ರೀನ್‌ಶಾಟ್ ನಂಬುತ್ತಿರಲಿಲ್ಲ, ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡುತ್ತಿದ್ದೆ. ಬೇರೆ ಹೆಸರಿನಿಂದ ಬಂದರೆ ವಾಪಸ್ ಕಳಿಸುತ್ತಿದ್ದೆ.

ಆ ದಿನದ ಆರ್ಡರ್‌ನಲ್ಲೂ ಹೆಸರು ಹೊಂದಿತ್ತು. ಕೊಳ್ಳುವವನ ಹಳೆಯ ಆರ್ಡರ್‌ಗಳೆಲ್ಲ ಸರಿಯಾಗಿ ಮುಗಿದಿದ್ದವು. ಬೇರೆಯವರು ಕೇಳುತ್ತಿದ್ದ ರೇಟಿಗಿಂತ ಒಂದೂವರೆ ರೂಪಾಯಿ ಜಾಸ್ತಿ ನಾನು ಹಾಕಿದ್ದೆ. ಅವನು ಚೌಕಾಸಿ ಮಾಡಲೇ ಇಲ್ಲ. ದುಡ್ಡು ಬಿದ್ದ ಮರುಕ್ಷಣ ಚಾಟ್‌ನಲ್ಲಿ 'ಬ್ರೋ ರಿಲೀಸ್', 'ಬ್ರೋ ಫಾಸ್ಟ್' ಅಂತ ಒಂದರ ಮೇಲೊಂದು ಮೆಸೇಜ್. ಎಲ್ಲ ಸರಿ ಇತ್ತು, ಬಿಟ್ಟುಕೊಟ್ಟೆ.

ಕೆಲವು ವಾರ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಬಿ.ಎಂ. ರಸ್ತೆಯ ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿ ಸ್ಕ್ಯಾನ್ ಮಾಡಿದರೆ ಫೇಲ್. ಸರ್ವರ್ ಇಲ್ಲ ಅಂದುಕೊಂಡು ಎಟಿಎಂಗೆ ಹೋದರೆ ಅಲ್ಲೂ ಬರಲಿಲ್ಲ. ಅದು ಏಪ್ರಿಲ್ ಕೊನೆ. ಆಲೂಗಡ್ಡೆ ಬೆಳೆಯುವವರಿಗೆ ಆ ಹೊತ್ತು ಏನು ಅಂತ ನಾನು ಹೇಳಬೇಕಿಲ್ಲ. ಎಪಿಎಂಸಿಗೆ ಜಲಂಧರ್ ಬಿತ್ತನೆ ಗೆಡ್ಡೆ ಬರುತ್ತಿರುತ್ತದೆ, ಮಳೆಗೆ ಮುಂಚೆ ತಂದು ಇಟ್ಟುಕೊಳ್ಳಬೇಕು. ಅಪ್ಪ ಶುಂಠಿ ಮಾರಿದ ದುಡ್ಡು ನನ್ನ ಖಾತೆಯಲ್ಲೇ ಇತ್ತು.

ಬ್ಯಾಂಕಿನಲ್ಲಿ ಮೇಡಂ ಕಂಪ್ಯೂಟರ್ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಾನಿಟರ್ ನನ್ನ ಕಡೆ ತಿರುಗಿಸಿದರು. ಡೆಬಿಟ್ ಫ್ರೀಜ್, ಅಂದರೆ ಖಾತೆಯಿಂದ ದುಡ್ಡು ಹೊರಗೆ ಹೋಗುವ ಹಾಗಿಲ್ಲ. ಕೆಳಗೆ ಉದ್ದನೆಯ ದೂರಿನ ಸಂಖ್ಯೆ, ಪಕ್ಕದಲ್ಲಿ ಉತ್ತರದ ಯಾವುದೋ ರಾಜ್ಯದ ಒಂದು ಜಿಲ್ಲೆಯ ಹೆಸರು.

'ಸರ್, ನೀವೇನಾದ್ರೂ ಕ್ರಿಪ್ಟೋ ಮಾಡ್ತೀರಾ?' ಅಂತ ಮೆಲ್ಲಗೆ ಕೇಳಿದರು. ಅಂದರೆ ನಾನು ಮೊದಲನೆಯವನಲ್ಲ.

'ಇದು ನಾವು ಹಾಕಿದ್ದಲ್ಲ ಸರ್. ಸೈಬರ್ ಪೊಲೀಸರ ಕಡೆಯಿಂದ ಬಂದಿರೋದು. ಆ ಠಾಣೆಯಿಂದ ಎನ್‌ಒಸಿ, ಅಂದ್ರೆ ತಕರಾರಿಲ್ಲ ಅನ್ನೋ ಪತ್ರ, ತಂದರೆ ತೆಗೀತೀವಿ.'

ತಕರಾರಿನ ಮೊತ್ತ ನನ್ನ ಖಾತೆಯಲ್ಲಿದ್ದದ್ದರ ಕಾಲು ಭಾಗವೂ ಇರಲಿಲ್ಲ. ನಿಂತಿದ್ದು ಮಾತ್ರ ಪೂರ್ತಿ ಖಾತೆ. ಮನೆಗೆ ಬಂದು ಹೇಳಿದರೆ ಅಪ್ಪನಿಗೆ ಅರ್ಥವೇ ಆಗಲಿಲ್ಲ. 'ಏನ್ಲಾ ಮಗ, ನಮ್ ಶುಂಠಿ ದುಡ್ಡಿಗೂ ಆ ಪೊಲೀಸ್ನೋರಿಗೂ ಏನ್ಲಾ ಸಂಬಂಧ?' ಉತ್ತರ ಇರಲಿಲ್ಲ. ಆ ಸಲ ಗೆಡ್ಡೆ ತಂದದ್ದು ಮಾವನ ಹತ್ತಿರ ಕೈಸಾಲ ಮಾಡಿ.

ಆ ಸಂಬಂಧ ಏನು ಅಂತ ನನಗೆ ತಿಳಿದದ್ದು ಆಮೇಲೆ, ಆ ಠಾಣೆಯವರ ಜೊತೆ ಅರ್ಧಂಬರ್ಧ ಹಿಂದಿಯಲ್ಲಿ ಮಾತಾಡಿದ ಮೇಲೆ. ಅಲ್ಲಿನ ಒಬ್ಬರು ಹೆಂಗಸು ಮನೆಯಲ್ಲೇ ಕೂತು ರೇಟಿಂಗ್ ಕೊಡುವ ಪಾರ್ಟ್ ಟೈಮ್ ಕೆಲಸ ಅಂತ ನಂಬಿ ದುಡ್ಡು ಕಳೆದುಕೊಂಡಿದ್ದರು. ಆ ದುಡ್ಡು ಮೊದಲು ಒಂದು ಬಾಡಿಗೆ ಖಾತೆಗೆ (ದುಡ್ಡಿನಾಸೆಗೆ ಬೇರೆಯವರ ಕೈಗೆ ಕೊಟ್ಟ ಖಾತೆ) ಹೋಗಿದೆ. ಅಲ್ಲಿಂದ ಇನ್ನೊಂದಕ್ಕೆ. ಅಲ್ಲಿಂದ ಮೂರನೆಯದಕ್ಕೆ. ಆ ಮೂರನೆಯವನೇ ನನ್ನ ಬ್ರೋ. ಕದ್ದ ರೂಪಾಯಿಯನ್ನು ಬ್ಯಾಂಕಿನಲ್ಲೇ ಇಟ್ಟರೆ ಸಿಕ್ಕಿಬೀಳುತ್ತಾರೆ. ಯುಎಸ್‌ಡಿಟಿ ಮಾಡಿಕೊಂಡರೆ ಕೆಲವೇ ನಿಮಿಷದಲ್ಲಿ ದೇಶದ ಆಚೆಯ ವ್ಯಾಲೆಟ್‌ಗೆ (ಕ್ರಿಪ್ಟೋ ಇಡುವ ಡಿಜಿಟಲ್ ಪರ್ಸ್) ದಾಟಿಸಬಹುದು. ಅದಕ್ಕೆ ಅಷ್ಟು ಅವಸರ. ಅದಕ್ಕೇ ಚೌಕಾಸಿಯೂ ಇಲ್ಲ, ದುಡ್ಡು ಅವನ ಅಪ್ಪನ ಮನೆಯದಲ್ಲವಲ್ಲ.

ದುಡ್ಡು ಕಳೆದುಕೊಂಡವರು 1930ಕ್ಕೆ ಫೋನ್ ಮಾಡಿದರೆ ಅಥವಾ ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ, ಆ ದುಡ್ಡಿನ ಜಾಡು ಹಿಡಿದು ಒಂದೊಂದೇ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಈ ವ್ಯವಸ್ಥೆ 2021ರಿಂದ ಇದೆ. ಒಳ್ಳೆಯ ವ್ಯವಸ್ಥೆಯೇ. ಇವತ್ತು ನಮ್ಮಮ್ಮನಿಗೆ ಯಾರಾದರೂ ಮೋಸ ಮಾಡಿದರೆ ನಾನು ಮೊದಲು ಮಾಡುವ ಫೋನ್ ಅದಕ್ಕೇ. ಆದರೆ ಮೊದಲ ಎರಡು ಖಾತೆಗಳಲ್ಲಿ ಪೊಲೀಸರು ಹುಡುಕುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ದುಡ್ಡು ಇಟ್ಟುಕೊಂಡು ಮನೆ ನಡೆಸುತ್ತಿರುವವನು ಕೊನೆಯಲ್ಲಿ ಸಿಗುತ್ತಾನೆ. ಹಾಗಾಗಿ ಹಗ್ಗ ಬೀಳುವುದು ಅವನ ಕೊರಳಿಗೆ.

ಹೆಸರು ಹೊಂದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಆ ಅಧಿಕಾರಿಯನ್ನು ಅದನ್ನೇ ಕೇಳಿದೆ. ಖಾತೆ ನಿಜವಾಗಿಯೂ ಆ ಹೆಸರಿನವನದ್ದೇ, ಆ್ಯಪ್‌ನ ಕೆವೈಸಿಯೂ ಅವನದ್ದೇ. ಎರಡನ್ನೂ ಬಾಡಿಗೆಗೆ ಕೊಟ್ಟಿದ್ದಾನೆ, ನಡೆಸುವವನು ಬೇರೆ ಯಾರೋ. ಹೆಸರು ನೋಡಿ ರಿಲೀಸ್ ಮಾಡಿ ಅನ್ನುವ ಸಲಹೆ ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಹಳೆಯ ಒಳ್ಳೆಯ ಆರ್ಡರ್‌ಗಳೂ ಅಷ್ಟೇ.

ಬಾಡಿಗೆ ಖಾತೆ ಅಂದಾಗ ಕಾಲೇಜು ಹುಡುಗರಿಗೆ ಒಂದು ಮಾತು. ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ ಅಂತ ಯಾರಾದರೂ ಬಂದರೆ ಅವನ ಜೊತೆ ಟೀ ಕುಡಿಯುವುದಕ್ಕೂ ಹೋಗಬೇಡಿ. ನನ್ನದು ಬರೀ ಫ್ರೀಜ್. ಖಾತೆ ಬಾಡಿಗೆಗೆ ಕೊಟ್ಟವನ ಮೇಲೆ ಕೇಸೇ ಆಗುತ್ತದೆ. ಟೆಲಿಗ್ರಾಂನಲ್ಲಿ 'ಗೇಮಿಂಗ್ ಫಂಡ್', 'ಸ್ಟಾಕ್ ಫಂಡ್' ಅಂತ ರೇಟ್ ಹಾಕಿರುತ್ತಾರಲ್ಲ, ಅದೂ ಇದೇ ಸಾಲಿನದು. ದುಡ್ಡಿಗೆ ಜಾತಿ ಹೆಸರು ಕೊಟ್ಟು ಮಾರುತ್ತಿದ್ದಾರೆ ಅಂದರೆ ಅದು ಎಂಥ ದುಡ್ಡು ಅಂತ ಅವರಿಗೆ ಗೊತ್ತಿದೆ.

ಉಳಿದ ಮೋಸಗಳು ಎಲ್ಲರಿಗೂ ಗೊತ್ತಿರುವಂಥವೇ. ಸುಳ್ಳು ಎಸ್‌ಎಂಎಸ್ ಕಳಿಸುವುದು, ಎಡಿಟ್ ಮಾಡಿದ ಸ್ಕ್ರೀನ್‌ಶಾಟ್, ದುಡ್ಡು ಹಾಕದೆ ಹಾಕಿದೆ ಅಂತ ಒತ್ತುವುದು, ಕ್ಯಾಶ್ ಕೊಡ್ತೀನಿ ಹೋಟೆಲಿಗೆ ಬನ್ನಿ ಅಂತ ಕರೆದು ಖೋಟಾ ನೋಟು ಕೊಡುವುದು. ಎಕ್ಸ್‌ಚೇಂಜೇ ಹ್ಯಾಕ್ ಆಗುವ ಭಯವೂ ಇದೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಅನ್ನುವ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಹೋಯಿತು. ಜನ ಇವಕ್ಕೆಲ್ಲ ಹೆದರಿ ಹುಷಾರಾಗಿರುತ್ತಾರೆ. ನನ್ನ ಥರದ ಹೊಡೆತಕ್ಕೆ ಯಾರೂ ತಯಾರಿರುವುದಿಲ್ಲ, ಯಾಕೆಂದರೆ ಹೊಡೆತ ಬೀಳುವಾಗ ವ್ಯಾಪಾರ ಮುಗಿದು ಮರೆತೇ ಹೋಗಿರುತ್ತದೆ.

ಇಷ್ಟು ಓದಿಯೂ ಮಾಡುತ್ತೇನೆ ಅನ್ನುವವರು ಇದ್ದೇ ಇರುತ್ತಾರೆ. ಅವರು ಕನಿಷ್ಠ ಸಂಬಳ ಬರುವ, ಇಎಂಐ ಹೋಗುವ, ಮನೆಯವರ ದುಡ್ಡು ಇರುವ ಖಾತೆಯನ್ನು ಇದಕ್ಕೆ ಬಳಸಬೇಡಿ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆದರೆ ಸಾಕು ಅಂದುಕೊಳ್ಳಲೂಬೇಡಿ, ಗ್ರಾಹಕ ಸಂಖ್ಯೆ ಒಂದೇ ಆದರೆ ಅದೂ ನಿಲ್ಲಬಹುದು. ಮಾರ್ಕೆಟ್‌ಗಿಂತ ಜಾಸ್ತಿ ಕೊಡುವವನು ಬಂದರೆ ಇವನಿಗೆ ಯಾಕೆ ಇಷ್ಟು ಧಾರಾಳ ಅಂತ ಕೇಳಿಕೊಳ್ಳಿ.

ಈಗಾಗಲೇ ಫ್ರೀಜ್ ಆಗಿರುವವರಿಗೆ: ಬ್ಯಾಂಕಿನವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ದೂರಿನ ಸಂಖ್ಯೆ, ತಕರಾರಿನ ಮೊತ್ತ, ಆ ಠಾಣೆಯ ಇಮೇಲ್ ಮೂರನ್ನೂ ಬರಹದಲ್ಲಿ ಕೇಳಿ ತಗೊಳ್ಳಿ. ಆರ್ಡರ್ ವಿವರ, ಪೂರ್ತಿ ಚಾಟ್, ಕಾಯಿನ್ ಯಾರಿಗೆ ಹೋಯಿತು ಅನ್ನುವ ದಾಖಲೆ, ಆ ತಿಂಗಳ ಸ್ಟೇಟ್‌ಮೆಂಟ್ ಎಲ್ಲ ಜೋಡಿಸಿ ಆ ಠಾಣೆಗೆ ಇಮೇಲ್ ಮಾಡಿ, ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿ. ಹಳೆಯ ಚಾಟ್ ಆ್ಯಪ್‌ನಲ್ಲಿ ಸಿಗದೆ ಹೋಗಬಹುದು, ಅದಕ್ಕೇ ಆರ್ಡರ್ ಮುಗಿದ ದಿನವೇ ಉಳಿಸಿಕೊಳ್ಳುವುದು ಒಳ್ಳೆಯದು. ಪೂರ್ತಿ ಖಾತೆ ಬೇಡ, ತಕರಾರಿನ ಮೊತ್ತಕ್ಕೆ ಮಾತ್ರ ಲಿಯನ್ (ಅಷ್ಟು ಮೊತ್ತಕ್ಕೆ ಮಾತ್ರ ತಡೆ) ಹಾಕಿ ಅಂತ ಸ್ಪಷ್ಟವಾಗಿ ಕೇಳಿ. ಕೇರಳ ಹೈಕೋರ್ಟ್ 2023ರಲ್ಲಿ ಇಂಥದ್ದೇ ಖಾತೆಗಳ ವಿಷಯದಲ್ಲಿ ಹಾಗೆ ಆದೇಶ ಮಾಡಿದೆ. ಪೊಲೀಸರು ಖಾತೆ ತಡೆಹಿಡಿಯುವುದು ಈಗ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 106ನೇ ಕಲಂನಲ್ಲಿ, ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕುವುದು 503ರಲ್ಲಿ. ಇದಕ್ಕೆ ವಕೀಲರ ನೆರವು ತಗೊಳ್ಳಿ.

ನನ್ನ ಖಾತೆಯಲ್ಲಿ ಉಳಿದ ದುಡ್ಡು ಹೀಗೆ ಓಡಾಡಿದ ಮೇಲೆ ಬಿಡುಗಡೆಯಾಯಿತು. ತಕರಾರಿನ ಮೊತ್ತ ಇನ್ನೂ ಹೋಲ್ಡ್‌ನಲ್ಲೇ ಇದೆ. ಅದಕ್ಕೆ ಕೊಟ್ಟ ಕಾಯಿನ್ ಯಾವತ್ತೋ ಹೋಯಿತು. ನಿಯತ್ತಾಗಿ ಹೇಳಬೇಕೆಂದರೆ ಆ ಮೊತ್ತದ ಬಗ್ಗೆ ನನಗೆ ಮೊದಲಿನಷ್ಟು ಸಿಟ್ಟಿಲ್ಲ. ಅದು ನನ್ನದು ಎಷ್ಟೋ ಆ ಹೆಂಗಸಿನದೂ ಅಷ್ಟೇ. ಇಬ್ಬರಲ್ಲಿ ಯಾರಿಗೆ ಅಂತ ಕೋರ್ಟೇ ಹೇಳಬೇಕು.

ಇನ್ನೊಂದು. ಫ್ರೀಜ್ ಆಗಿದೆ ಅಂತ ಎಲ್ಲಾದರೂ ಬರೆದುಕೊಂಡರೆ ಸಾಕು, 'ಪೊಲೀಸರು ನಮ್ಮವರೇ, ಇಷ್ಟು ಪರ್ಸೆಂಟ್ ಕೊಡಿ, ವಾರದಲ್ಲಿ ತೆಗೆಸ್ತೀವಿ' ಅಂತ ಮೆಸೇಜ್ ಬರಲು ಶುರುವಾಗುತ್ತದೆ. ನನಗೂ ಬಂದವು. ಒಬ್ಬ ಸೀಲು ಸಹಿ ಇರುವ ಎನ್‌ಒಸಿಯ ಫೋಟೋವನ್ನೇ ಕಳಿಸಿದ್ದ. ಬ್ಯಾಂಕಿನಲ್ಲಿ ತೋರಿಸಿದಾಗ ಮೇಡಂ ನಕ್ಕರು, ಎನ್‌ಒಸಿ ಠಾಣೆಯ ಅಧಿಕೃತ ಇಮೇಲ್‌ನಿಂದ ನೇರ ಬ್ಯಾಂಕಿಗೆ ಬಂದರೆ ಮಾತ್ರ ಲೆಕ್ಕಕ್ಕೆ ಅಂದರು. ಅಂಥವರಿಗೆ ಅಡ್ವಾನ್ಸ್ ಅಂತ ಒಂದು ರೂಪಾಯಿಯನ್ನೂ ಹಾಕಬೇಡಿ. ಈಗಾಗಲೇ ಹಾಕಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.