ಪೋರ್ಟೆಬಲ್ ಎಸಿ ನೀರು ಬಿಡ್ತಿದೆಯಾ? ತೂತು ಮುಚ್ಚಿಸಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಪೋರ್ಟೆಬಲ್ ಎಸಿ ಇಟ್ಟುಕೊಂಡವರು ಇದನ್ನೊಮ್ಮೆ ಓದಿ. ಎಸಿ ಕೆಳಗೆ ನೀರು ನಿಂತಿದೆ ಅಂತ ಯಾರನ್ನಾದರೂ ಕರೆಸಿದಾಗ, ಬಂದವರು ಮುಚ್ಚಳ ಬಿಚ್ಚದೇ "ಗ್ಯಾಸ್ ಹೋಗಿದೆ" ಅಂದರೆ ಚಾ ಕೊಟ್ಟು ಕಳಿಸಿಬಿಡಿ.

ನಮ್ಮದು ಕಾಜುಬಾಗದಲ್ಲಿ ಬಾಡಿಗೆ ಮನೆ. ಗೋಡೆ ಕೊರೆಯುವ ಹಾಗಿಲ್ಲ, ಅದಕ್ಕೇ ಈ ಉರುಳುವ ಎಸಿ. ಮೇ ಕೊನೆಯ ಸೆಕೆ ಗೊತ್ತಲ್ಲ, ಹಗ್ಗದ ಮೇಲಿನ ಬಟ್ಟೆ ಸಂಜೆಗೂ ಹಸಿ. ಆಗಲೇ ನೀರು ತುಂಬಿದ ದೀಪ ಹತ್ತಿ ಮೆಷಿನ್ ಪದೇ ಪದೇ ನಿಲ್ಲತೊಡಗಿತು. ಹಿಂಬದಿ ಕೆಳಗೆ, ನೀರು ಬಸಿಯುವ ತೂತಿಗೆ ಹಾಕಿದ ರಬ್ಬರ್ ಬಿರಡೆಯ ಸುತ್ತ ಒಸರುತ್ತಲೂ ಇತ್ತು.

ಬಂದ ರಿಪೇರಿಯವನು ಬಿರಡೆ ತೆಗೆದು ಆ ತೂತಿಗೆ ಎಂ-ಸೀಲ್ ಮೆತ್ತಿದ. ಮೆಷಿನ್ ಹಿತ್ತಲಿಗೆ ಒಯ್ದು ಗ್ಯಾಸ್ ತುಂಬಿದೆ ಅಂದ, ದುಡ್ಡು ತಗೊಂಡ. ದೀಪವೂ ಆರಿತ್ತು. ಎರಡು ರಾತ್ರಿ ಆರಾಮಾಗಿ ನಡೆಯಿತು. ಮೂರನೇ ರಾತ್ರಿ ಮನೆಯಿಡೀ ಕರೆಂಟ್ ಹೋಯಿತು. ಮೆಷಿನ್‌ನ ಸಂದಿಯಿಂದ ಉಕ್ಕಿದ ನೀರು ನೆಲದ ಮೇಲಿದ್ದ ಎಕ್ಸ್‌ಟೆನ್ಶನ್ ಬಾಕ್ಸಿನೊಳಗೆ ಹೋಗಿತ್ತು. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು, ಆರ್‌ಸಿಸಿಬಿ, ಬಿದ್ದಿದ್ದಕ್ಕೆ ಬಚಾವು.

ಬೇರೆಯವರನ್ನು ಕರೆಸಿ ನಮ್ಮೆದುರೇ ಬಿಚ್ಚಿಸಿದೆವು. ಕಂಪ್ರೆಸರ್ ಪಕ್ಕದ ತಾಮ್ರದ ಕೊಳವೆಯ ಫ್ಯಾಕ್ಟರಿ ಬೆಸುಗೆ ಹಾಗೇ ಇತ್ತು, ಮೇಲೊಂದು ಗೀರೂ ಇಲ್ಲ. ಗ್ಯಾಸ್ ತುಂಬಬೇಕಾದರೆ ಆ ಕೊಳವೆಯನ್ನೇ ಕತ್ತರಿಸಬೇಕು ಇಲ್ಲವೇ ಚುಚ್ಚಬೇಕು. ಮತ್ತೆ ಗ್ಯಾಸ್ ಒಳಗೆ ಹೋಗಿದ್ದಾದರೂ ಎಲ್ಲಿಂದ? ಅದಕ್ಕಿಂತ ಕೆಟ್ಟದ್ದು, ನೀರು ತುಂಬಿದಾಗ ಮೆಷಿನ್ ನಿಲ್ಲಿಸುವ ಫ್ಲೋಟ್ ಸ್ವಿಚ್ಚಿನ ವೈರುಗಳನ್ನು ನೇರ ಜೋಡಿಸಿ ಟೇಪ್ ಸುತ್ತಿದ್ದ. ದೀಪ ಆರಿದ್ದು ಹಾಗೆ. ಇದು ಸುಮ್ನೆ ಮೋಸ ಅಲ್ಲ, ಜೀವಕ್ಕೇ ಕುತ್ತು.

ಅಸಲಿಗೆ ಅದು ನಮ್ಮ ಗಾಳಿಯದೇ ನೀರು. ತಣ್ಣನೆಯ ಕಾಯಿಲ್‌ಗೆ ತಾಗಿ ಗಾಳಿಯ ಪಸೆ ಹನಿಯಾಗುತ್ತದೆ. ಆ ಹನಿಯನ್ನು ಬಿಸಿ ಕಾಯಿಲ್ ಮೇಲೆ ಎರಚಿ, ಆವಿ ಮಾಡಿ, ದಪ್ಪ ಪೈಪಿನಲ್ಲಿ ಹೊರಗೆ ಹಾಕುತ್ತದೆ ಮೆಷಿನ್. "ನೀರು ಚೆಲ್ಲುವ ರಗಳೆಯೇ ಇಲ್ಲ" ಅಂತ ಅಂಗಡಿಯವರು ಹೇಳುವುದು ಇದನ್ನೇ. ಶಿರಸಿಯಲ್ಲಿ ಮಾರ್ಚ್‌ನ ಒಣ ಗಾಳಿಗೆ ಅದು ನಡೆದೀತು. ಕರಾವಳಿಯಲ್ಲಿ ಮಳೆ ಹತ್ತಿರ ಬಂದಾಗ ತೇವಾಂಶ ಶೇ 80 ದಾಟುವುದು ಮಾಮೂಲು. ಒಂದು ಟನ್ನಿನ ಮೆಷಿನ್ ಗಂಟೆಗೆ ಲೀಟರಿಗಿಂತ ಜಾಸ್ತಿ ನೀರು ಹಿಡಿಯಬಹುದು. ಅಷ್ಟನ್ನೂ ಆವಿ ಮಾಡಲು ಆಗುವುದಿಲ್ಲ. ಒಂದೇ ಪೈಪಿನ ಎಸಿ ಆದರೆ ಕೋಣೆಯ ಗಾಳಿಯನ್ನೇ ಹೊರಗೆ ತಳ್ಳುತ್ತದೆ, ಬಾಗಿಲ ಸಂದಿಯಿಂದ ಸಮುದ್ರದ ಹಸಿ ಗಾಳಿ ಮತ್ತೆ ಒಳಗೆ. ಮುಗಿಯುವ ಮಾತೇ ಇಲ್ಲ!

ಹಾಗಾಗಿ ನೀರಿಗೆ ದಾರಿ ಬಿಡಿ. ನಾವೀಗ ಮೆಷಿನ್ ಅನ್ನು ಅಲುಗಾಡದ ಗಟ್ಟಿ ಹಲಗೆ ಮೇಲೆ ಎತ್ತರಿಸಿ, ಕೆಳಗಿನ ತೂತಿನಿಂದ ಬಚ್ಚಲಿಗೆ ಪೈಪ್ ಇಳಿಸಿದ್ದೇವೆ. ಪೈಪ್ ಉದ್ದಕ್ಕೂ ಇಳಿಜಾರಾಗಿಯೇ ಇರಬೇಕು, ನಡುವೆ ಹೊಸ್ತಿಲು ಹತ್ತಿಸಿದರೆ ನೀರು ಅಲ್ಲೇ ನಿಲ್ಲುತ್ತದೆ. ಫಿಲ್ಟರ್‌ಗೆ ಧೂಳು ಕಟ್ಟಿದರೂ ಕಾಯಿಲ್ ಮೇಲೆ ಮಂಜುಗಡ್ಡೆ ಕೂತು, ಆಮೇಲೆ ಕರಗಿ ಸುರಿಯುತ್ತದೆ. ಫಿಲ್ಟರನ್ನು ಆಗಾಗ ತೊಳೆಯಿರಿ.

ಈಗಾಗಲೇ ಎಂ-ಸೀಲ್ ಹಾಕಿಸಿಕೊಂಡಿದ್ದರೆ ಇವತ್ತೇ ಪ್ಲಗ್ ಕಿತ್ತಿಡಿ. ಗೊತ್ತಿದ್ದವರಿಂದ ಎಂ-ಸೀಲ್ ತೆಗೆಸಿ, ಪೈಪ್ ಹಾಕದಿದ್ದಾಗ ಇರಲಿ ಅಂತ ಹೊಸ ರಬ್ಬರ್ ಬಿರಡೆ ಹಾಕಿಸಿ. ಫ್ಲೋಟ್ ಸ್ವಿಚ್ಚಿನ ವೈರು ಕೂಡ ಬಿಚ್ಚಿ ತೋರಿಸಲು ಹೇಳಿ. ನಮ್ಮ ಗ್ಯಾಸಿನ ದುಡ್ಡಂತೂ ಹೋಯಿತು, ಆ ಮಹಾಶಯ ಫೋನ್ ಎತ್ತುತ್ತಿಲ್ಲ.