ಎಂ-ಸ್ಯಾಂಡ್, ಮರದ ಹೊಟ್ಟು, ಬೆಂಟೊನೈಟ್, ಟೋಫು: ಕೆಂಚ ಒಪ್ಪಿದ್ದು ಯಾವುದನ್ನ?

ಕೆಂಚ ಮನೆಗೆ ಬಂದಾಗ ಅವನಿಗೆ ಮೂರು ತಿಂಗಳು. ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಬೆಕ್ಕನ್ನು ಹೊರಗೆ ಬಿಡುವ ಹಾಗಿಲ್ಲ. ಊಟ, ಚುಚ್ಚುಮದ್ದು ಎಲ್ಲ ಡಾಕ್ಟರ್ ಹೇಳಿಕೊಟ್ಟರು. ಕಕ್ಕಸ್ಸಿನ ವಿಷಯ ಮಾತ್ರ ನಾನೇ ಪಾಡುಪಟ್ಟು ಕಲಿತೆ. "ಲಿಟರ್ ತರಬೇಕಮ್ಮ" ಅಂತ ಫೋನಿನಲ್ಲಿ ಹೇಳಿದರೆ, "ಅಷ್ಟು ಚಿಕ್ಕ ಮರಿ ಎಷ್ಟು ಲೀಟರ್ ಕುಡಿಯುತ್ತೋ?" ಅಂದರು ಅಮ್ಮ. ಹಾಲಲ್ಲ, ಟ್ರೇಗೆ ಹಾಕುವ ಮಣ್ಣು ಅಂತ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಬೆಕ್ಕಿನ ಹೇಲಿಗೆ ದುಡ್ಡು ಕೊಟ್ಟು ಮಣ್ಣು ತರ್ತೀಯೇನೋ!"

ಅದಕ್ಕೇ ಮೊದಲು ಬಿಟ್ಟಿ ಸಿಗುವುದನ್ನ ನೋಡಿದೆ. ಪಕ್ಕದಲ್ಲಿ ಕಟ್ಟಡ ಏಳುತ್ತಿತ್ತು, ಮೇಸ್ತ್ರಿಯನ್ನು ಕೇಳಿ ಒಂದು ಬಕೆಟ್ ಎಂ-ಸ್ಯಾಂಡ್ ತಂದು ಹಳೇ ಟಬ್ಬಿಗೆ ಮೂರು ಬೆರಳು ದಪ್ಪ ಸುರಿದೆ. ಕೆಂಚನಿಗೆ ಯಾರೂ ಏನೂ ಕಲಿಸಬೇಕಾಗಲಿಲ್ಲ. ಇಳಿದ, ಮೂಸಿದ, ಕೆದಕಿದ, ಕೂತ, ಮುಚ್ಚಿದ. ಸಾಕುಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನೆಲದ ಕಾಡುಬೆಕ್ಕು. ಮರಳು ಕಂಡರೆ ಮುಂಗಾಲು ತಾನಾಗಿಯೇ ಕೆಲಸಕ್ಕೆ ಇಳಿಯುತ್ತೆ. ತೊಂದರೆ ಏನಂದ್ರೆ, ಮರಳು ಉಚ್ಚೆಯನ್ನು ಹೀರಲ್ಲ, ಸುಮ್ನೆ ತಳಕ್ಕೆ ಇಳಿಸುತ್ತೆ. ಮೂರನೇ ದಿನಕ್ಕೆ ಟಬ್ಬಿನ ಹತ್ತಿರ ಬಗ್ಗಿದರೆ ಕಣ್ಣು ಉರಿಯುತ್ತಿತ್ತು. ಎಂ-ಸ್ಯಾಂಡ್ ಅಂದರೆ ಜಲ್ಲಿ ಒಡೆದು ಮಾಡಿದ್ದು, ಅದರಲ್ಲಿ ಕಲ್ಲುಪುಡಿ ಜಾಸ್ತಿ. ಹಾಸಿಗೆಯ ಮೇಲೆಲ್ಲ ಬೂದು ಹೆಜ್ಜೆ. ಅದೇ ವಾರ ನಾನು ಹಾಲು ಬೇರೆ ಕೊಟ್ಟಿದ್ದೆ. ಹಾಲಿನ ಸಕ್ಕರೆ ಎಷ್ಟೋ ಬೆಕ್ಕುಗಳಿಗೆ ಜೀರ್ಣವಾಗಲ್ಲ, ಭೇದಿ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಆ ಟಬ್ಬಿನ ಗತಿ ಬೇಡ ಬಿಡಿ.

ಸಾಮಿಲ್ಲಿನ ಹೊಟ್ಟು ನಾಲ್ಕೇ ದಿನ. ಚೆನ್ನಾಗಿ ಹೀರುತ್ತೆ, ಮರದ ವಾಸನೆಯೂ ಹಿತ. ಆದರೆ ಫ್ಯಾನ್ ಹಾಕಿದರೆ ಹಾರುತ್ತೆ, ಕೆಂಚನ ಬಾಲಕ್ಕೆ ಅಂಟಿ ಅಡುಗೆಮನೆವರೆಗೂ ಬರುತ್ತೆ. ಅವನು ಸೀನಿದ, ನಾನೂ ಸೀನಿದೆ.

ಆಮೇಲೆ ದುಡ್ಡು ಬಿಚ್ಚಿದೆ. ಬೆಂಟೊನೈಟ್ ಒಂದು ಜೇಡಿಮಣ್ಣು. ನಮ್ಮ ದೇಶದಲ್ಲಿ ಗುಜರಾತಿನ ಕಚ್ ಕಡೆ ಜಾಸ್ತಿ ತೆಗೆಯುತ್ತಾರೆ. ಒದ್ದೆಯಾದರೆ ಊದಿಕೊಂಡು ಗಟ್ಟಿ ಉಂಡೆ ಕಟ್ಟುತ್ತೆ. ಜಾಲರಿ ಸೌಟಿನಲ್ಲಿ ನಿಂಬೆಹಣ್ಣಿನಷ್ಟು ಉಂಡೆ ಎತ್ತಿದರೆ ಉಳಿದದ್ದು ಹಾಗೇ ಒಣಗಿರುತ್ತೆ. ನನಗೆ ಇದರಲ್ಲಿ ಹಿಡಿಸಿದ್ದು ಬರೀ ಸ್ವಚ್ಛತೆ ಅಲ್ಲ, ಉಂಡೆ ಎಣಿಸಬಹುದು ಅನ್ನೋದು. ಕೆಂಚನದು ದಿನಕ್ಕೆ ಮೂರು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಪದೇ ಪದೇ ಟ್ರೇಗೆ ಹೋಗಿ ಖಾಲಿ ಬಂದರೆ ಆಗಲೇ ಡಾಕ್ಟರ್ ಹತ್ತಿರ ಓಡಬೇಕು. ಮರಳಿನಲ್ಲಿ ಇದು ಗೊತ್ತೇ ಆಗ್ತಿರಲಿಲ್ಲ. ಕಷ್ಟ ಅಂದರೆ ಭಾರ. ಹತ್ತು ಕೆಜಿ ಚೀಲ, ಲಿಫ್ಟ್ ಇಲ್ಲ. ಸುರಿಯುವಾಗ ದೂಳೂ ಏಳುತ್ತೆ. ಕಮೋಡಿಗೆ ಹಾಕಲೇಬಾರದು, ಪೈಪಿನೊಳಗೆ ಊದಿ ಕೂರುತ್ತೆ. ಎರಡು ತಿಂಗಳೂ ತುಂಬದ ಮರಿಗಳು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತವೆ, ಅವಕ್ಕೆ ಉಂಡೆ ಕಟ್ಟುವಂಥದ್ದು ಬೇಡ.

ಟೋಫು ಲಿಟರ್ ಅಂದರೆ ಸೋಯಾ ಹಾಲು ಹಿಂಡಿದ ಮೇಲೆ ಉಳಿಯುವ ಚರಟದ ಕಡ್ಡಿಗಳು. ಹಗುರ, ದೂಳಿಲ್ಲ. ಬೆಲೆ ಮಾತ್ರ ನನಗೆ ಬೆಂಟೊನೈಟ್‌ನ ದುಪ್ಪಟ್ಟು ಬಿತ್ತು. ಹಳೇದನ್ನೆಲ್ಲ ಚೆಲ್ಲಿ ಒಂದೇ ಸಲಕ್ಕೆ ಟ್ರೇ ತುಂಬಾ ಇದನ್ನ ಸುರಿದೆ. ಕೆಂಚ ಒಂದು ಕಾಲು ಇಟ್ಟ, ತೆಗೆದು ಒದರಿದ, ನನ್ನ ಮುಖ ನೋಡಿದ, ನೇರ ಹೋಗಿ ಕಾಲೊರೆಸುವ ಮ್ಯಾಟಿನ ಮೇಲೆ ಕೂತ. ತಪ್ಪು ಅವನದಲ್ಲ. ಹಳೇದಕ್ಕೆ ಹೊಸದನ್ನ ದಿನಕ್ಕೊಂದು ಹಿಡಿಯಂತೆ ಬೆರೆಸುತ್ತ ಹತ್ತು ದಿನ ಕಳೆದ ಮೇಲೆ ಸುಮ್ಮನೆ ಒಪ್ಪಿಕೊಂಡ. ಆದರೆ ಮಳೆಗಾಲ ಬಂತು. ಬಾಯಿ ತೆರೆದಿಟ್ಟ ಪೊಟ್ಟಣಕ್ಕೆ ಇರುವೆ ಸಾಲು. ಸೋಯಾ ಅಲ್ವಾ, ಅವಕ್ಕೆ ಹಬ್ಬ. ಪೊಟ್ಟಣದ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿತ್ತು. ನಮ್ಮ ಹಳೇ ಕಟ್ಟಡದ ಪೈಪು ಅದನ್ನ ಓದಿರಲಿಲ್ಲ, ಎರಡನೇ ವಾರ ಪ್ಲಂಬರ್ ಬರಬೇಕಾಯಿತು.

ಒಂದು ಬೆಕ್ಕಿಗೆ ಎರಡು ಟ್ರೇ ಇರಬೇಕು ಅನ್ನುತ್ತಾರೆ. ಅದನ್ನೇ ನೆಪ ಮಾಡಿಕೊಂಡು ಒಂದರಲ್ಲಿ ಬೆಂಟೊನೈಟ್, ಇನ್ನೊಂದರಲ್ಲಿ ಟೋಫು ಇಟ್ಟು ಎರಡು ವಾರ ನೋಡಿದೆ. ಉಚ್ಚೆ ಎರಡರಲ್ಲೂ. ಹೇಲು ಮಾತ್ರ ತಪ್ಪದೆ ಬೆಂಟೊನೈಟ್‌ನಲ್ಲೇ. ನಮ್ಮ ಮೂಗು, ನಮ್ಮ ಬೆನ್ನು ನೋವು ಅವನ ಲೆಕ್ಕಕ್ಕೇ ಇಲ್ಲ. ಪಾದಕ್ಕೆ ಮರಳಿನ ಹಾಗೆ ನುಣುಪಾಗಿ ಸಿಗಬೇಕು, ಅಷ್ಟೇ.

ಈಗ ಬೆಂಟೊನೈಟ್ ಒಂದೇ. ಭಾರ ಅಂತ ಹತ್ತರ ಬದಲು ಐದು ಕೆಜಿ ಚೀಲ ತರುತ್ತೇನೆ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಟ್ರೇ ಕೆಲಸ ಬೇರೆಯವರು ನೋಡಿಕೊಳ್ಳಲಿ, ಬೆಕ್ಕಿನ ಹೇಲಿನಿಂದ ಟಾಕ್ಸೊಪ್ಲಾಸ್ಮಾ ಅನ್ನೋ ಪರೋಪಜೀವಿಯ ಸೋಂಕು ತಗಲಿ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗಬಹುದು. ಆ ಸೋಂಕು ಹರಡುವ ಹಂತಕ್ಕೆ ಬರಲು ಒಂದು ದಿನವಾದರೂ ಬೇಕು, ಹಾಗಾಗಿ ದಿನಾ ತೆಗೆಯುವುದು ಎಲ್ಲರಿಗೂ ಒಳ್ಳೇದು. ನಮ್ಮ ಮನೆಯಲ್ಲಿ ಕಾಫಿಗೆ ಮೊದಲು ಅದೇ ಕೆಲಸ. ಅಮ್ಮ ಈಗ ಫೋನ್ ಮಾಡಿದರೆ ನನ್ನ ತಿಂಡಿ ಆಯ್ತಾ ಅಂತ ಆಮೇಲೆ ಕೇಳುತ್ತಾರೆ, ಮೊದಲು "ಎಷ್ಟು ಉಂಡೆ?"

ಇವತ್ತು ಮೂರು.