ಮಾತಂಗ ಬೆಟ್ಟದ ಬೆಳಗು: ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ಟೋನ್‌ಮ್ಯಾಪಿಂಗ್

ಹಂಪಿಯ ಮಾತಂಗ ಬೆಟ್ಟದಿಂದ ಕಾಣುವ ಸೂರ್ಯೋದಯ ಒಂದೇ ಕ್ಲಿಕ್‌ಗೆ ದಕ್ಕುವುದಿಲ್ಲ. ಆಕಾಶಕ್ಕೆ ಎಕ್ಸ್‌ಪೋಶರ್ ಇಟ್ಟರೆ ಕೆಳಗಿನ ಅಚ್ಯುತರಾಯ ದೇವಸ್ಥಾನ ಕಪ್ಪಾಗುತ್ತದೆ. ದೇವಸ್ಥಾನಕ್ಕೆ ಇಟ್ಟರೆ ಆಕಾಶವೆಲ್ಲ ಬಿಳಿ. ಹಾಗಾಗಿ ಟ್ರೈಪಾಡ್ ಮೇಲೆ −2, 0, +2 ಎಂದು (ಒಂದು ಕಡಿಮೆ ಬೆಳಕಿಗೆ, ಒಂದು ನಡುವಿನದು, ಒಂದು ಹೆಚ್ಚು ಬೆಳಕಿಗೆ) ಮೂರು ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಕೊಡುವ ಫೈಲ್, ತೆಗೆದೆ. ಇಂಥವನ್ನು ಬೆಸೆದರೆ ಬೆಳಕು, ನೆರಳು ಎರಡರ ವಿವರವೂ ಇರುವ ಎಚ್‌ಡಿಆರ್ ಫೈಲ್ ಸಿಗುತ್ತದೆ. ಅದರ ಬೆಳಕಿನ ಹರವನ್ನು ಪರದೆಗೆ ಹಿಡಿಸುವಷ್ಟು ಕುಗ್ಗಿಸುವುದೇ ಟೋನ್‌ಮ್ಯಾಪಿಂಗ್. ಆ ಮೂರನ್ನೇ ಲ್ಯುಮಿನನ್ಸ್ ಎಚ್‌ಡಿಆರ್, ಎನ್‌ಫ್ಯೂಸ್, ಲೈಟ್‌ರೂಂ ಮತ್ತು ಡಾರ್ಕ್‌ಟೇಬಲ್‌ಗೆ ಹಾಕಿ ನೋಡಿದೆ. ನೆರಳಿನ ವಿವರ ಕಾಣಬೇಕು ನಿಜ, ಆದರೆ ಚಿತ್ರ ನೋಡಿದರೆ ಬೆಳಗಿನ ಹೊತ್ತು ಅಂತ ಗೊತ್ತಾಗಬೇಕು. ನನ್ನ ಅಳತೆ ಅದೊಂದೇ.

ಲ್ಯುಮಿನನ್ಸ್ ಎಚ್‌ಡಿಆರ್ ಉಚಿತ. ಟೋನ್‌ಮ್ಯಾಪಿಂಗ್ ಆಪರೇಟರ್‌ಗಳ, ಅಂದರೆ ಬೆಳಕು ಕುಗ್ಗಿಸುವ ಬೇರೆಬೇರೆ ವಿಧಾನಗಳ, ದೊಡ್ಡ ಸಾಲೇ ಇದರಲ್ಲಿದೆ. ಜಾಸ್ತಿ ಜನ ಮೊದಲು ಒತ್ತುವುದು ಫಟ್ಟಾಲ್ ಅಥವಾ ಮ್ಯಾಂಟಿಯುಕ್ 06. ಫಟ್ಟಾಲ್ ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವಿನ ವ್ಯತ್ಯಾಸ ನೋಡುತ್ತದೆ. ದೊಡ್ಡ ವ್ಯತ್ಯಾಸವನ್ನು ಕುಗ್ಗಿಸುತ್ತದೆ, ಸಣ್ಣದನ್ನು ಎತ್ತಿ ತೋರಿಸುತ್ತದೆ. ಅದಕ್ಕೇ ಬಂಡೆಯ ಒಂದೊಂದು ಬಿರುಕೂ ಎದ್ದು ಕಾಣುತ್ತದೆ. ಮೊದಲ ನೋಟಕ್ಕೆ ಖುಷಿಯಾಗುತ್ತದೆ. ಆಮೇಲೆ ಗಮನಿಸಿ: ಬಿಸಿಲು ಬಿದ್ದ ಬಂಡೆಗೂ ನೆರಳಲ್ಲಿರುವ ಬಂಡೆಗೂ ಹೆಚ್ಚು ಕಡಿಮೆ ಒಂದೇ ಬೆಳಕು. ಗೋಪುರ ಆಕಾಶಕ್ಕೆ ತಾಗುವ ಕಡೆ ತೆಳು ಬಿಳಿ ಅಂಚು. ಮೂರೂ ಫೋಟೋದಲ್ಲಿ ವಿವರವಿಲ್ಲದೆ ಬಿಳಿಯಾಗಿ ಸುಟ್ಟಿದ್ದ ಸೂರ್ಯ ಬೂದು ಬಿಲ್ಲೆ. ಇನ್ನೊಂದು ತೊಂದರೆಯೂ ಇದೆ. ಫಟ್ಟಾಲ್‌ನ ಫಲಿತಾಂಶ ಚಿತ್ರದ ಅಳತೆಯ ಮೇಲೆ ನಿಂತಿದೆ. ಚಿಕ್ಕ ಪ್ರಿವ್ಯೂನಲ್ಲಿ ಒಪ್ಪಿದ್ದು ಪೂರ್ತಿ ಅಳತೆಯಲ್ಲಿ ಬೇರೆಯೇ ಆಗಿ ಬರುತ್ತದೆ. ಮ್ಯಾಂಟಿಯುಕ್‌ನಲ್ಲಿ ಕಲ್ಲು ಗಟ್ಟಿಯಾಗಿ ಬರುತ್ತದೆ, ಮೋಡ ಮಾತ್ರ ಕೊಳೆ ಮೆತ್ತಿದ ಹಾಗೆ. ಇವೆರಡಕ್ಕಿಂತ ರೈನ್‌ಹಾರ್ಡ್ 02 ಎಷ್ಟೋ ಸೌಮ್ಯ. ಹಳೆಯ ಫೋಟೋಗ್ರಾಫರ್‌ಗಳ ಜೋನ್ ಸಿಸ್ಟಮ್ (ಕಪ್ಪಿನಿಂದ ಬಿಳಿಯವರೆಗೆ ಬೆಳಕನ್ನು ಮೆಟ್ಟಿಲುಗಳಾಗಿ ವಿಂಗಡಿಸುವ ಪದ್ಧತಿ) ನೋಡಿಯೇ ಅದನ್ನು ಕಟ್ಟಿದ್ದು. ಲ್ಯುಮಿನನ್ಸ್‌ನಲ್ಲಿ ಬಣ್ಣದ ಬೆಳಗಿನ ಚಿತ್ರಕ್ಕೆ ನಾನು ಬಳಸುವುದು ಅದೊಂದನ್ನೇ.

ಎನ್‌ಫ್ಯೂಸ್ ದಾರಿ ಬೇರೆ. ಅದು ಎಚ್‌ಡಿಆರ್ ಫೈಲ್ ಮಾಡುವುದೇ ಇಲ್ಲ. ಮೂರು ಫೋಟೋಗಳಲ್ಲಿ ಎಲ್ಲೆಲ್ಲಿ ಎಕ್ಸ್‌ಪೋಶರ್ ಸರಿಯಿದೆಯೋ ಆ ಭಾಗಗಳಿಗೆ ಹೆಚ್ಚು ತೂಕ ಕೊಟ್ಟು ಬೆರೆಸುತ್ತದೆ. ಬಣ್ಣ ತುಂಬ ಸಹಜ. ಆದರೆ ಎಲ್ಲ ಕಡೆಯೂ ‘ಸರಿಯಾದ’ ಬೆಳಕನ್ನೇ ಆರಿಸುವುದರಿಂದ ಚಿತ್ರ ಒಟ್ಟಾರೆ ಸಪ್ಪೆ. ಆಮೇಲೆ ಫೋಟೋ ಎಡಿಟರ್‌ನ ಕರ್ವ್ಸ್‌ನಲ್ಲಿ (ಬೆಳಕಿನ ಮಟ್ಟ ತಿದ್ದುವ ಗೆರೆ) ಕಾಂಟ್ರಾಸ್ಟ್ ಕೊಡಲೇಬೇಕು. ಅದಕ್ಕೇ 16 ಬಿಟ್ ಟಿಫ್ ಆಗಿ ಉಳಿಸಿಕೊಳ್ಳಿ, ಜೆಪೆಗ್ ಬೇಡ.

ಲೈಟ್‌ರೂಂ ಬಗ್ಗೆ ಹೇಳುವುದು ಕಡಿಮೆ. ಮೂರು ಫೋಟೋ ಜೋಡಿಸುತ್ತದೆ, ಅಲುಗಾಡಿದ ಎಲೆಗಳ ದೆವ್ವವನ್ನು, ಅಂದರೆ ಎರಡೆರಡಾಗಿ ಕಾಣುವ ಮಸುಕು ಆಕಾರವನ್ನು, ತೆಗೆಯುತ್ತದೆ, ಡಿಎನ್‌ಜಿ ಎಂಬ ರಾ ಫೈಲ್ ಕೊಡುತ್ತದೆ. ಆ ಫೈಲ್‌ನಲ್ಲಿ ಎಕ್ಸ್‌ಪೋಶರ್ ಸ್ಲೈಡರ್ −10ರಿಂದ +10ರವರೆಗೆ ಓಡುತ್ತದೆ. ಆಟೋ ಒತ್ತಿದರೆ ನೆರಳನ್ನು ಜಾಸ್ತಿ ಎತ್ತುತ್ತದೆ, ಅರ್ಧಕ್ಕೆ ಇಳಿಸಿದರೆ ಚಿತ್ರ ಚೆನ್ನಾಗಿದೆ. ಚಂದಾ ಕಟ್ಟುತ್ತಲೇ ಇರಬೇಕು ಅನ್ನುವುದೇ ಬೇಸರ.

ನನ್ನ ಮನಸ್ಸು ನಿಂತಿದ್ದು ಡಾರ್ಕ್‌ಟೇಬಲ್‌ನಲ್ಲಿ. ಅದರ ಸಿಗ್ಮಾಯ್ಡ್ ಎಂಬ ಟೋನ್‌ಮ್ಯಾಪಿಂಗ್ ವಿಧಾನ ಇಡೀ ಚಿತ್ರಕ್ಕೆ ಒಂದೇ ಕರ್ವ್ ಹಾಕುತ್ತದೆ. ಅಂದರೆ ಬೆಟ್ಟದಲ್ಲಿ ಯಾವುದು ಹೆಚ್ಚು ಬೆಳಗಿತ್ತೋ ಅದು ಚಿತ್ರದಲ್ಲೂ ಹೆಚ್ಚು ಬೆಳಗಿರುತ್ತದೆ. ಹೀಗೇ ಬಿಟ್ಟರೆ ದೇವಸ್ಥಾನದ ಅಂಗಳ ಕತ್ತಲೆ, ಅಲ್ವಾ? ಅದಕ್ಕೆ ನೆರಳು, ಬೆಳಕುಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಟೋನ್ ಈಕ್ವಲೈಸರ್ ಇದೆ. ಮಾಸ್ಕ್ ತೆರೆದು ನೋಡಿ: ಬೆಳಕಿನ ಭಾಗ, ನೆರಳಿನ ಭಾಗ ಅಂಚುಗಳ ಸಮೇತ ಬೇರೆಬೇರೆಯಾಗಿ ಕಾಣುತ್ತವೆ. ನೆರಳಿನ ಕಡೆ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವ ಹಾಗೆ, ಎತ್ತಿದರೆ ಸಾಕು. ಮಂಟಪದ ಕಂಬಗಳು ಎಣಿಸುವಷ್ಟು ಸ್ಪಷ್ಟ, ಆದರೂ ನೆರಳಲ್ಲೇ ನಿಂತಿರುತ್ತವೆ. ಅದೇ ಸಾಫ್ಟ್‌ವೇರ್‌ನ ಇನ್ನೊಂದು ವಿಧಾನ ಫಿಲ್ಮಿಕ್ ಕೂಡ ಒಳ್ಳೆಯದೇ, ಆದರೆ ನನ್ನ ಚಿತ್ರದಲ್ಲಿ ಸೂರ್ಯನ ಸುತ್ತ ಬಣ್ಣ ಬೇಗ ಮಾಸಿತು. ಸಿಗ್ಮಾಯ್ಡ್‌ನಲ್ಲಿ ಹಳದಿ ಮೆಲ್ಲಗೆ ಬಿಳಿಗೆ ತಿರುಗಿತು. ಸೂರ್ಯನ ನಡುಭಾಗ ಬಿಳಿಯಾಗೇ ಇರಲಿ, ಕಣ್ಣಿಗೂ ಅದು ಹಾಗೇ ಕಾಣುವುದು.

ಒಂದು ಎಚ್ಚರಿಕೆ. ಡಾರ್ಕ್‌ಟೇಬಲ್ ಎಚ್‌ಡಿಆರ್ ಮಾಡುವಾಗ ಫೋಟೋಗಳನ್ನು ಒಂದಕ್ಕೊಂದು ಹೊಂದಿಸುವುದಿಲ್ಲ. ಟ್ರೈಪಾಡ್ ಇಲ್ಲದೆ ಕೈಯಲ್ಲೇ ತೆಗೆದಿದ್ದರೆ ಲೈಟ್‌ರೂಂನಲ್ಲಿ ಬೆಸೆಯಿರಿ. ಕಾಸು ಖರ್ಚು ಬೇಡ ಅಂದರೆ ಹ್ಯೂಗಿನ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಹೊಂದಿಸಿ ಎನ್‌ಫ್ಯೂಸ್‌ಗೆ ಕೊಡಿ. ಮ್ಯಾಂಟಿಯುಕ್ 06 ಅನ್ನು ನಾನು ಪೂರ್ತಿ ಬಿಟ್ಟಿಲ್ಲ. ನಡುಮಧ್ಯಾಹ್ನದ ಹಂಪಿ ಬಂಡೆಗಳನ್ನು ಕಪ್ಪುಬಿಳುಪಿಗೆ ತಿರುಗಿಸುವಾಗ ಅದರಷ್ಟು ಗಟ್ಟಿ ಕಲ್ಲನ್ನು ಉಳಿದ ಮೂರು ಸಾಫ್ಟ್‌ವೇರ್‌ಗಳೂ ಕೊಡಲಿಲ್ಲ.